ಚಕ್ರ ಎಸೆದವನು ಯಾವ ಊರಿನವನು?

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ರಿಲೀಸು, ಬಗ್ಗು, ರಾತ್ರಿ ಹತ್ತರ ಕಾಲ್‌ಗಳು... ನೆಪಕ್ಕೇನು ಬರವೇ? ಇವತ್ತು ಬರೆಯದಿದ್ದರೆ ಇನ್ನು ಬರೆಯೋದೇ ಇಲ್ಲ ಅನ್ನಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಹಾ ಲೋಟ ಪಕ್ಕದಲ್ಲಿಟ್ಟುಕೊಂಡೇ ಓದಿ :-)

ಶುರುವಾದದ್ದು ಆಫೀಸಿನ ಕ್ಯಾಂಟೀನಿನಲ್ಲಿ. ಊಟದ ಹೊತ್ತಿಗೆ ಯಾರೋ ಮೊಬೈಲಿನಲ್ಲಿ ಪೋಲ್‌ವಾಲ್ಟ್ ವಿಡಿಯೋ ಹಾಕಿದ್ದರು. ಫ್ರಾನ್ಸಿನ ರೆನೋ ಲಾವಿಲೆನಿ 2014ರಲ್ಲಿ 6.16 ಮೀಟರ್ ಜಿಗಿದು, ಸೆರ್ಗೈ ಬುಬ್ಕಾನ 21 ವರ್ಷ ಹಳೆಯ ದಾಖಲೆಯನ್ನು ಅವನದೇ ಊರು ಡೊನೆಟ್ಸ್ಕ್‌ನಲ್ಲಿ ಮುರಿದದ್ದು. ಅದು ಮುಗಿದ ಮೇಲೆ 2020ರಲ್ಲಿ ಒಂದೇ ಒಂದು ಸೆಂಟಿಮೀಟರ್ ಜಾಸ್ತಿ ಜಿಗಿದು ಆ ದಾಖಲೆ ಕಿತ್ತುಕೊಂಡ ಆರ್ಮಂಡ್ ಡುಪ್ಲಾಂಟಿಸ್‌ನದ್ದು. ಇವನದ್ದೊಂದು ವಿಚಿತ್ರ. ಹುಟ್ಟಿ ಬೆಳೆದದ್ದೆಲ್ಲಾ ಅಮೆರಿಕದ ಲೂಸಿಯಾನದಲ್ಲಿ. ಅಪ್ಪ ಅಮೆರಿಕದವನು, ತಾನೂ ಪೋಲ್‌ವಾಲ್ಟ್ ಆಟಗಾರ. ಮನೆ ಹಿತ್ತಲಲ್ಲೇ ಮಗನಿಗೆ ಜಿಗಿಯೋಕೆ ಜಾಗ ಮಾಡಿಕೊಟ್ಟಿದ್ದ. ಆದರೆ ಹುಡುಗ ಆಡೋದು ಮಾತ್ರ ಅಮ್ಮನ ದೇಶ ಸ್ವೀಡನ್ನಿಗೆ.

"ಇದು ಮೋಸ ಅಲ್ವೇನೋ? ಅನ್ನ ಅಮೆರಿಕದ್ದು, ಪದಕ ಸ್ವೀಡನ್ನಿಗೆ!" ಅಂದ ಪಕ್ಕದ ಕ್ಯೂಬಿಕಲ್ಲಿನವನು.

"ನಮ್ಮಲ್ಲೂ ಒಬ್ಬ ಹಂಗೇ ಇದ್ದನಲ್ಲ, ಮೈಸೂರಿನವನು, ವಿಕಾಸ್ ಗೌಡ" ಅಂದೆ.

ಟೇಬಲ್ಲಿನಲ್ಲಿ ಆರು ಜನ, ಅದರಲ್ಲಿ ನಾಲ್ಕು ಜನ ಅಚ್ಚ ಕನ್ನಡಿಗರು. ಒಬ್ಬರಿಗೂ ನೆನಪಿಲ್ಲ. ಒಬ್ಬ ಪುಣ್ಯಾತ್ಮ "ಯಾವ ಸೀರಿಯಲ್ಲಿನವನು?" ಅಂತ ಕೇಳಿದ. (ಪೂರ್ತಿ ತಪ್ಪೂ ಅಲ್ಲ ಬಿಡಿ! ಬಿ.ಆರ್. ಚೋಪ್ರಾ ಅವರ ಮಹಾಭಾರತದಲ್ಲಿ ಭೀಮನಾಗಿದ್ದ ಪ್ರವೀಣ್ ಕುಮಾರ್ ಡಿಸ್ಕಸ್ ಎಸೆಯುವವರೇ. 1966 ಮತ್ತು 1970ರ ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ಗೆದ್ದವರು. ಗದೆ ಹಿಡಿಯೋಕೆ ಮುಂಚೆ ಚಕ್ರ ಹಿಡಿದವರು.)

ಅವತ್ತು ಸಂಜೆಯಿಂದ ತಲೆಯಲ್ಲಿ ಹುಳ. ಕಾಮನ್‌ವೆಲ್ತ್ ಚಿನ್ನ ಗೆದ್ದು, ನಾಲ್ಕು ಒಲಿಂಪಿಕ್ಸ್ ಆಡಿ, ಪದ್ಮಶ್ರೀ ಪಡೆದು 2018ರಲ್ಲಷ್ಟೇ ನಿವೃತ್ತನಾದ ಕನ್ನಡಿಗನನ್ನು ನಾವು ಇಷ್ಟು ಬೇಗ ಮರೆತದ್ದು ಹೇಗೆ? ಅಥವಾ ಅವನು ಯಾವತ್ತಾದರೂ ನಮ್ಮವನಾಗಿದ್ದನಾ? (ಇಲ್ಲಿ ಏಕವಚನ ಅಭಿಮಾನಕ್ಕೆ, ಕ್ಷಮೆ ಇರಲಿ.)

ವಿಕಾಸ್ ಹುಟ್ಟಿದ್ದು 1983ರ ಜುಲೈ 5, ಮೈಸೂರಿನಲ್ಲಿ. ಅಪ್ಪ ಶಿವೇಗೌಡರು ಅಥ್ಲೆಟಿಕ್ಸ್ ಕೋಚ್. 1988ರ ಸೋಲ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡಕ್ಕೂ ಕೋಚ್ ಆಗಿದ್ದವರು. ಮಗನಿಗೆ ಆರು ವರ್ಷವಿದ್ದಾಗ ಕುಟುಂಬ ಅಮೆರಿಕಕ್ಕೆ ಹೋಯಿತು. ಮೇರಿಲ್ಯಾಂಡ್ ರಾಜ್ಯದ ಫ್ರೆಡ್ರಿಕ್ ಅನ್ನೋ ಊರಿನಲ್ಲಿ ಹುಡುಗ ಬೆಳೆದ. ಬೆಳೆದ ಅಂದರೆ ಸಿಕ್ಕಾಪಟ್ಟೆ ಬೆಳೆದ, ಆರೂವರೆ ಅಡಿ ದಾಟಿ! ಮುಂದೆ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ. 2006ರಲ್ಲಿ ಅಮೆರಿಕದ ಎಲ್ಲಾ ಕಾಲೇಜುಗಳ ನಡುವಿನ ಎನ್‌ಸಿಎಎ ಕೂಟದಲ್ಲಿ ಡಿಸ್ಕಸ್ ಚಾಂಪಿಯನ್. ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ, ಅಲ್ಲಿ ಗೆದ್ದವರೇ ಮುಂದೆ ಒಲಿಂಪಿಕ್ಸ್‌ಗೆ ಹೋಗೋದು.

ಆದರೆ ಅಷ್ಟು ಹೊತ್ತಿಗಾಗಲೇ ವಿಕಾಸ್ ಒಲಿಂಪಿಕ್ಸ್‌ಗೆ ಹೋಗಿ ಬಂದಾಗಿತ್ತು. 2004, ಅಥೆನ್ಸ್. ಎದೆಯ ಮೇಲೆ ಬರೆದಿದ್ದದ್ದು 'ಇಂಡಿಯಾ'.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಲಿಂಪಿಕ್ಸ್‌ನಲ್ಲಿ ಒಂದು ದೇಶಕ್ಕೆ ಆಡಬೇಕಾದರೆ ಆ ದೇಶದ ಪೌರನಾಗಿರಬೇಕು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಡುಪ್ಲಾಂಟಿಸ್ ಎರಡೂ ಪಾಸ್‌ಪೋರ್ಟ್ ಜೇಬಲ್ಲಿಟ್ಟುಕೊಂಡು ಓಡಾಡಬಹುದು, ವಿಕಾಸ್‌ಗೆ ಆ ಆರಾಮ ಇರಲಿಲ್ಲ. ಅಮೆರಿಕದಲ್ಲೇ ಬೆಳೆದ ಹುಡುಗ ನಮ್ಮ ನೀಲಿ ಪಾಸ್‌ಪೋರ್ಟನ್ನೇ ಇಟ್ಟುಕೊಂಡ. ವೀಸಾ ಸ್ಟ್ಯಾಂಪಿಂಗಿಗೆ ಸಾಲಿನಲ್ಲಿ ನಿಂತ ನಮ್ಮ ಐಟಿ ಮಂದಿಗೆ ಇದರ ತೂಕ ನಾನು ಹೇಳಬೇಕಿಲ್ಲ.

ಈಗ ನನ್ನ ಊರಿನ ಕಥೆಗೆ ಬರುತ್ತೇನೆ. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಇದೆ.

ನಾನು ಕೊಟ್ಟೂರಿನವನು. ನಮ್ಮ ಕಡೆ 'ಎಸೆಯೋದು' ಅಂದರೆ ತೇರಿಗೆ ಬಾಳೆಹಣ್ಣು, ಉತ್ತತ್ತಿ ಎಸೆಯೋದು :-) ಡಿಸ್ಕಸ್ ನಾನು ಮೊದಲು ನೋಡಿದ್ದು ಹೈಸ್ಕೂಲಿನ ಪೀಟಿ ಸರ್ ರೂಮಿನಲ್ಲಿ, ಒಡೆದ ಕೇರಂ ಬೋರ್ಡಿನ ಹಿಂದೆ. ಇಡೀ ಸ್ಕೂಲಿಗೆ ಒಂದೇ ಒಂದು. ಮರದ ಬಿಲ್ಲೆ, ಸುತ್ತ ಕಬ್ಬಿಣದ ಪಟ್ಟಿ, ಒಂದು ಕಡೆ ಚಕ್ಕೆ ಎದ್ದಿತ್ತು. ಪ್ರತಿ ವರ್ಷ ಆಗಸ್ಟಿನಲ್ಲಿ ಅದಕ್ಕೆ ಹೊರಗೆ ಬರುವ ಯೋಗ. ವಲಯ ಮಟ್ಟ, ಆಮೇಲೆ ಕೂಡ್ಲಿಗಿಯಲ್ಲಿ ತಾಲ್ಲೂಕು ಮಟ್ಟ (ಆಗಿನ್ನೂ ಕೊಟ್ಟೂರು ತಾಲ್ಲೂಕಾಗಿರಲಿಲ್ಲ), ಅಲ್ಲಿ ಗೆದ್ದರೆ ಜಿಲ್ಲಾ ಮಟ್ಟ.

ಎಸೆಯುತ್ತಿದ್ದವನು ನಾನಲ್ಲ. ನನ್ನ ತೋಳು ಆಗಲೂ ಕೀಬೋರ್ಡಿಗೇ ಲಾಯಕ್ಕು. ಎಸೆಯುತ್ತಿದ್ದವನು ನನ್ನ ಬೆಂಚಿನ ಗೆಳೆಯ. ಹಡಗಲಿ ಕಡೆಯ ಹಳ್ಳಿಯವನು, ಕೊಟ್ಟೂರಿನಲ್ಲಿ ಹಾಸ್ಟೆಲಿನಲ್ಲಿದ್ದ. ಅವನ ಹೆಸರು ಬೇಡ, ಓದಿದರೆ ಬೈತಾನೆ. ಹತ್ತನೇ ಕ್ಲಾಸಿಗೇ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಸಲಿಕೆ ಹಿಡಿದು ಹಿಡಿದು ಗಟ್ಟಿಯಾದ ಕೈ. ಅವನು ಎಸೆದರೆ ಬಿಲ್ಲೆ ಮೈದಾನದ ಕೊನೆಯ ಜಾಲಿಗಿಡಗಳೊಳಗೆ ಹೋಗಿ ಬೀಳುತ್ತಿತ್ತು. ಅದನ್ನು ಹುಡುಕಿ ತರೋದು ನನ್ನ ಕೆಲಸ. ಮುಳ್ಳು ಚುಚ್ಚಿಸಿಕೊಂಡು ನಾನೂ ಕ್ರೀಡೆಗೆ ಸೇವೆ ಸಲ್ಲಿಸಿದ್ದೇನೆ!

ಅದು 2012. ಅದೇ ಆಗಸ್ಟ್ 7ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಫೈನಲ್.

ವಿಕಾಸ್ ಪಾಲಿಗೆ ಅಲ್ಲಿಯವರೆಗಿನ ದಾರಿ ಸುಲಭದ್ದಲ್ಲ. 2004ರಲ್ಲೂ 2008ರಲ್ಲೂ ಅರ್ಹತಾ ಸುತ್ತಿನಲ್ಲೇ ವಾಪಸ್. 2005ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಬಂದಿತ್ತು. ಆಮೇಲೆ 2010ರ ದಿಲ್ಲಿ ಕಾಮನ್‌ವೆಲ್ತ್‌ನಲ್ಲಿ ಆಸ್ಟ್ರೇಲಿಯಾದ ಬೆನ್ ಹ್ಯಾರಡೈನ್ ಹಿಂದೆ ಬೆಳ್ಳಿ, ಮುಂದಿನ ತಿಂಗಳೇ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ಅಲ್ಲಿ ಚಿನ್ನ ಇರಾನಿನ ಎಹ್ಸಾನ್ ಹದಾದಿಗೆ. ಈ ಹದಾದಿ 2006ರಿಂದ 2018ರವರೆಗೆ ಸತತ ನಾಲ್ಕು ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಮನುಷ್ಯ. ಕ್ಲಾಸಿನಲ್ಲಿ ಯಾವಾಗಲೂ ಫಸ್ಟ್ ಬರುವವನೊಬ್ಬ ಇರ್ತಾನಲ್ಲ, ಹಾಗೆ. ಅವನ ಬ್ಯಾಚಿನಲ್ಲಿ ಹುಟ್ಟಿದ್ದು ವಿಕಾಸ್‌ನ ಗ್ರಹಚಾರ.

2011ರಲ್ಲಿ ಡೇಗು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಏಳನೇ ಸ್ಥಾನ. ಆ ಹೊತ್ತಿಗೆ ತರಬೇತಿ ಅಮೆರಿಕದ ಹೆಸರಾಂತ ಗುಂಡು ಎಸೆತಗಾರ ಜಾನ್ ಗೊಡಿನಾ ಹತ್ತಿರ, ಅರಿಜೋನಾದಲ್ಲಿ. 2012ರ ಏಪ್ರಿಲ್‌ನಲ್ಲಿ ಓಕ್ಲಹೋಮಾದ ನಾರ್ಮನ್‌ನಲ್ಲಿ 66.28 ಮೀಟರ್, ಹೊಸ ರಾಷ್ಟ್ರೀಯ ದಾಖಲೆ.

ಲಂಡನ್‌ನಲ್ಲಿ ಅರ್ಹತಾ ಸುತ್ತಿನಲ್ಲಿ 65.20 ಎಸೆದು ಫೈನಲ್ ಮುಟ್ಟಿದ. ಫೈನಲ್ಲು ನಮ್ಮ ಕಾಲಮಾನದಲ್ಲಿ ನಡುರಾತ್ರಿ ದಾಟಿದ ಮೇಲೆ. ನಮ್ಮೂರಿನಲ್ಲಿ ಕರೆಂಟು ಇರಲಿಲ್ಲ, ನೋಡಲಿಲ್ಲ. ಫಲಿತಾಂಶ ಪೇಪರಿನಲ್ಲಿ ಓದಿದ್ದು: 64.79 ಮೀಟರ್, ಎಂಟನೇ ಸ್ಥಾನ. ಚಿನ್ನ ಗೆದ್ದ ಜರ್ಮನಿಯ ರಾಬರ್ಟ್ ಹಾರ್ಟಿಂಗ್ 68.27, ಹದಾದಿ 68.18, ಕಂಚು ಎಸ್ಟೋನಿಯಾದ ಗೆರ್ಡ್ ಕಾಂಟೆರ್‌ಗೆ 68.03. ಮೂರೂ ಪದಕಗಳ ನಡುವೆ ಒಂದು ಗೇಣಿಗಿಂತ ಚೂರು ಜಾಸ್ತಿ ಅಂತರ! ಹಾರ್ಟಿಂಗ್ ಖುಷಿಗೆ ಅಂಗಿ ಹರಿದುಕೊಂಡು ಹರ್ಡಲ್ಸ್ ಹಾರಿದ. ವಿಕಾಸ್ ತನ್ನ ಜೀವಮಾನದ ಅತಿ ದೂರದ ಎಸೆತವನ್ನೇ ಅವತ್ತು ಎಸೆದಿದ್ದರೂ ಕಂಚಿಗೆ 1.75 ಮೀಟರ್ ಕಡಿಮೆಯೇ ಆಗುತ್ತಿತ್ತು. ಆದರೂ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಎಂಟನೆಯವನು ಅಂದರೆ ಜಗತ್ತಿನ ಎಂಟನೆಯವನು ಸ್ವಾಮಿ. (ಅದೇ ಲಂಡನ್‌ಗೆ ನಮ್ಮ ಕರಾವಳಿಯ ಸಹನಾ ಕುಮಾರಿ ಕೂಡ ಎತ್ತರ ಜಿಗಿತಕ್ಕೆ ಹೋಗಿದ್ದರು, 1.92 ಮೀಟರಿನ ರಾಷ್ಟ್ರೀಯ ದಾಖಲೆ ಮಾಡಿ. ಅವರನ್ನೂ ಮರೆತಿದ್ದೇವೆ.)

ನಾನು ಆ ಪೇಪರ್ ಕತ್ತರಿಸಿ ಗೆಳೆಯನಿಗೆ ತೋರಿಸಿದೆ. "ನೋಡಲೇ, ಮೈಸೂರಿನವನಂತೆ" ಅಂದೆ. ಅವನು ಚಿತ್ರವನ್ನೇ ಬಹಳ ಹೊತ್ತು ನೋಡಿದ. ವಿಕಾಸ್ ತಿರುಗುತ್ತಿರುವ ಚಿತ್ರ. ಕೊನೆಗೆ ಕೇಳಿದ ಒಂದೇ ಮಾತು: "ಇವ ಯಾಕ ಹಿಂಗ ತಿರುಗಾಕತ್ಯಾನ?"

ನನಗೂ ಗೊತ್ತಿರಲಿಲ್ಲ. ಈಗ ಗೊತ್ತು, ಹೇಳುತ್ತೇನೆ.

ಗಂಡಸರ ಡಿಸ್ಕಸ್ 2 ಕೆ.ಜಿ., ಅಡ್ಡಳತೆ ಸುಮಾರು 22 ಸೆಂಟಿಮೀಟರ್. ಎಸೆಯುವ ವೃತ್ತದ ಅಡ್ಡಳತೆ ಎರಡೂವರೆ ಮೀಟರ್. ಅಷ್ಟರೊಳಗೆ ಆಟಗಾರ ಬೆನ್ನು ಮಾಡಿ ನಿಂತು, ಒಂದೂವರೆ ಸುತ್ತು ತಿರುಗಿ, ಆ ವೇಗವನ್ನೆಲ್ಲಾ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ, ಭುಜದಿಂದ ಬೆರಳ ತುದಿಗೆ ಸಾಗಿಸುತ್ತಾನೆ. ದೊಡ್ಡ ಆಟಗಾರರ ಕೈಯಿಂದ ಬಿಲ್ಲೆ ಹೊರಡುವಾಗ ವೇಗ ಗಂಟೆಗೆ ಸುಮಾರು 90 ಕಿಲೋಮೀಟರ್. ಆಮೇಲಿನದ್ದು ಗಾಳಿಯ ಕೆಲಸ. ತಮಾಷೆ ಅಂದರೆ ಇಲ್ಲಿ ಎದುರುಗಾಳಿಯೇ ಒಳ್ಳೆಯದು. ಸರಿಯಾದ ಕೋನದಲ್ಲಿ ಬಿಟ್ಟರೆ ಎದುರುಗಾಳಿ ಬಿಲ್ಲೆಯನ್ನು ವಿಮಾನದ ರೆಕ್ಕೆಯ ಹಾಗೆ ಎತ್ತಿ ಹಿಡಿಯುತ್ತದೆ. ಹಾಗಾಗಿ ಡಿಸ್ಕಸ್ ತೋಳಿನ ಆಟ ಅನ್ನೋದಕ್ಕಿಂತ ಕಾಲಿನ ಆಟ. ಮತ್ತು ಕಾಲು ತಿರುಗಬೇಕಾದರೆ ಕೆಳಗೆ ಸಿಮೆಂಟು ಇರಬೇಕು. ನಮ್ಮ ಮೈದಾನದ ಗರಸು ಮಣ್ಣಿನಲ್ಲಿ ಹಗ್ಗ, ಗೂಟ ಹಿಡಿದು ಸುಣ್ಣದಲ್ಲಿ ಬರೆದ ವೃತ್ತದೊಳಗೆ ತಿರುಗಲು ಹೋದರೆ ಕಾಲು ಹೂತು ಬೀಳೋದೇ ಗತಿ. ಅದಕ್ಕೇ ನನ್ನ ಗೆಳೆಯ ನಿಂತ ಜಾಗದಿಂದಲೇ ಎಸೆಯುತ್ತಿದ್ದ. ನಿಂತು ಎಸೆದೇ ಕೂಡ್ಲಿಗಿಯಲ್ಲಿ ಮೊದಲನೆಯವನಾದ.

ಜಿಲ್ಲಾ ಮಟ್ಟದಲ್ಲಿ ಅವನು ಮೊದಲ ಸಲ ಸಿಮೆಂಟಿನ ವೃತ್ತ ನೋಡಿದ. ಉಳಿದ ಹುಡುಗರು ತಿರುಗಿ ತಿರುಗಿ ಎಸೆಯೋದನ್ನೂ ನೋಡಿದ. ತಾನೂ ತಿರುಗಬೇಕು ಅಂತ ಆ ಕ್ಷಣದಲ್ಲೇ ನಿರ್ಧಾರ ಮಾಡಿದ. ಬರಿಗಾಲು. ಮೊದಲ ಎಸೆತ, ವೃತ್ತದಿಂದ ಹೊರಗೆ. ಎರಡನೆಯದು, ಜಾರಿ ಮಂಡಿ ಊರಿದ. ಮೂರನೆಯದು ಬಲೆಗೆ ಬಡಿಯಿತು. ಮೂರೂ ಫೌಲ್. ಕಾಗದದಲ್ಲಿ ಅವನ ಹೆಸರಿನ ಮುಂದೆ ಅಂಕಿಯೇ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ "ನಿಂತೇ ಎಸಿಬೇಕಿತ್ತಲೇ" ಅಂದೆ. "ನಿಂತು ಎಸೆದ್ರ ಮೂರನೇದೋ ನಾಕನೇದೋ ಬರ್ತಿತ್ತು. ಅದರಾಗ ಏನೈತಿ?" ಅಂದ. ಆ ಮಾತಿಗೆ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಅದಾದ ಮೇಲೆ ಅವನು ಡಿಸ್ಕಸ್ ಮುಟ್ಟಲಿಲ್ಲ.

ವಿಕಾಸ್ ಮಾತ್ರ ಮುಂದೆ ಹೋದ. 2013ರ ಜುಲೈನಲ್ಲಿ ಪುಣೆಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 64.90 ಮೀಟರ್, ಚಿನ್ನ. ಅದೇ ವರ್ಷ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಏಳನೇ ಸ್ಥಾನ. 2014ರ ಜುಲೈ 31, ಗ್ಲಾಸ್ಗೋ ಕಾಮನ್‌ವೆಲ್ತ್. 63.64 ಮೀಟರ್. ಸೈಪ್ರಸ್‌ನ ಅಪೋಸ್ಟೊಲೊಸ್ ಪಾರೆಲ್ಲಿಸ್ 63.32ಕ್ಕೆ ನಿಂತ. 1958ರಲ್ಲಿ ಕಾರ್ಡಿಫ್‌ನಲ್ಲಿ ಮಿಲ್ಖಾ ಸಿಂಗ್ 440 ಗಜ ಓಟ ಗೆದ್ದ ಮೇಲೆ ಭಾರತದ ಗಂಡಸೊಬ್ಬ ಕಾಮನ್‌ವೆಲ್ತ್ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಅದೇ ಮೊದಲು. 56 ವರ್ಷ! (ಹೆಂಗಸರಲ್ಲಿ 2010ರಲ್ಲಿ ಕೃಷ್ಣಾ ಪೂನಿಯಾ ಗೆದ್ದಿದ್ದರು, ಅದೂ ಡಿಸ್ಕಸ್ಸಿನಲ್ಲೇ.)

ಆ ಸುದ್ದಿ ನಾನು ಓದಿದ್ದು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಹೊಸಪೇಟೆಗೆ ಪಿಯು ಕಾಲೇಜಿಗೆ ಹೋಗುವಾಗ. ಹಾಸ್ಟೆಲಿನಲ್ಲಿ ಅವತ್ತು ಎಲ್ಲರ ಬಾಯಲ್ಲೂ "ನಮ್ಮ ಕನ್ನಡಿಗ". ಎರಡು ವರ್ಷ ಬಿಟ್ಟು ರಿಯೋ ಒಲಿಂಪಿಕ್ಸ್‌ನಲ್ಲಿ 58.99 ಮೀಟರ್ ಎಸೆದು ಅರ್ಹತಾ ಸುತ್ತಿನಲ್ಲೇ ಹೊರಬಿದ್ದಾಗ, ನನ್ನ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕೇಳಿದ ಮಾತು "ಅವನು ಅಮೆರಿಕದವನು ಬಿಡಲೇ". ಗೆದ್ದರೆ ಮೈಸೂರು, ಸೋತರೆ ಮೇರಿಲ್ಯಾಂಡ್!

ಗ್ಲಾಸ್ಗೋ ಮತ್ತು ರಿಯೋ ನಡುವೆ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ (ಚಿನ್ನ ಯಾರಿಗೆ ಅಂತ ಬೇರೆ ಹೇಳಬೇಕೇ? ಹದಾದಿ!), 2015ರಲ್ಲಿ ವುಹಾನ್‌ನಲ್ಲಿ ಮತ್ತೊಮ್ಮೆ ಏಷ್ಯನ್ ಚಾಂಪಿಯನ್. 2017ರಲ್ಲಿ ಪದ್ಮಶ್ರೀ, ಅದೇ ವರ್ಷ ಭುವನೇಶ್ವರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು. 2018ರ ಮೇ ಕೊನೆಯಲ್ಲಿ ನಿವೃತ್ತಿ. ವಯಸ್ಸು ಇನ್ನೂ 35 ತುಂಬಿರಲಿಲ್ಲ. ನಾನು ಸೆಮಿಸ್ಟರ್ ಪರೀಕ್ಷೆಗೆ ಓದುತ್ತಾ ಕೂತಿದ್ದೆ, ಮೊಬೈಲಿನಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು, ಬೆರಳಲ್ಲಿ ಸರಿಸಿದೆ. ಮರೆತವರಲ್ಲಿ ನಾನೂ ಒಬ್ಬ.

ಕ್ಯಾಂಟೀನಿನ ಆ ಚರ್ಚೆ ಆದ ವಾರವೇ ಹರಪನಹಳ್ಳಿಗೆ ಹೋಗಿದ್ದೆ, ಅಮ್ಮನ ತವರು. ಅಜ್ಜಿಗೆ ಎಂಬತ್ತು ದಾಟಿದೆ. ಪಿಂಚಣಿ ಕಾಗದದ ಮೇಲಿನ ವಿಳಾಸ ಸರಿ ಮಾಡಿಸೋಕೆ ನನ್ನನ್ನು ಕೂರಿಸಿಕೊಂಡಿದ್ದಳು. ಅಜ್ಜಿ ಹುಟ್ಟಿದಾಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ವಿಜಯನಗರ ಜಿಲ್ಲೆ.

"ನಾ ಎಲ್ಲಿಗೂ ಹೋಗಿಲ್ಲ ತಮ್ಮಾ, ಊರೇ ತಿರುಗಾಡಿಕೊಂಡು ಬಂದೈತಿ" ಅಂದಳು ಅಜ್ಜಿ.

"ಹಂಗಾದ್ರ ನೀ ಯಾವ ಊರಾಕಿ ಅಜ್ಜಿ?" ಅಂತ ಚುಡಾಯಿಸಿದೆ.

"ಯಾರಿಗೆ ಉಂಡು ಉಣ್ಣಿಸೀನೋ ಅವರ ಊರಾಕಿ."

ಅಜ್ಜಿಗೆ ವಿಕಾಸ್ ಗೌಡ ಯಾರೆಂದು ಗೊತ್ತಿಲ್ಲ. ಆದರೆ ಕ್ಯಾಂಟೀನಿನಲ್ಲಿ ನಾನು ಹೇಳಲಾಗದ್ದನ್ನು ಅವಳು ಹೇಳಿಬಿಟ್ಟಿದ್ದಳು. ಅವಳ ಲೆಕ್ಕದಲ್ಲಿ ನೋಡಿದರೆ ವಿಕಾಸ್ ಕಡೆಯಿಂದ ಬಾಕಿ ಏನೂ ಇಲ್ಲ. ಹದಿನೈದು ವರ್ಷ ನಮ್ಮ ಹೆಸರಿನಲ್ಲಿ ಎಸೆದ, ನಮಗೆ ಉಣ್ಣಿಸಿದ. ಅವನಿಗೆ ಉಣ್ಣಿಸಿದವರು ಯಾರು? ಕಲಿಸಿದ ಅಪ್ಪ, ಫ್ರೆಡ್ರಿಕ್‌ನ ಶಾಲೆ, ನಾರ್ತ್ ಕೆರೊಲಿನಾದ ಕಾಲೇಜು, ಅರಿಜೋನಾದ ಗುರು. ನಾವು ಕೊಟ್ಟದ್ದು ಹುಟ್ಟೂರು ಮತ್ತು ಹೆಗಲಿಗೊಂದು ಶಾಲು. ಅದರ ಬಲದ ಮೇಲೆ 'ನಮ್ಮವನು' ಅನ್ನೋದಕ್ಕೆ ನನಗೀಗ ಸ್ವಲ್ಪ ನಾಚಿಕೆಯಾಗುತ್ತದೆ. ಅವನು ನಮ್ಮ ಸಾಧನೆಯಲ್ಲ, ಅವನೇ ನಮಗೆ ಕೊಟ್ಟ ಉಡುಗೊರೆ. ನಮ್ಮವನು ಅನ್ನಬೇಕಾಗಿದ್ದದ್ದು ಜಾಲಿಗಿಡದೊಳಗೆ ಬಿಲ್ಲೆ ಎಸೆಯುತ್ತಿದ್ದ ಆ ಇನ್ನೊಬ್ಬನನ್ನು.

(ನನ್ನ ಗೆಳೆಯ ಇನ್ನೊಬ್ಬ ವಿಕಾಸ್ ಆಗುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಆಗದೇ ಇರೋದೇ ಹೆಚ್ಚು ಸಾಧ್ಯ. ಆದರೆ ಎಷ್ಟು ದೂರ ಎಸೆಯಬಲ್ಲ ಅನ್ನೋದಾದರೂ ಅವನಿಗೆ ಗೊತ್ತಾಗಬೇಕಿತ್ತು ಅಲ್ವಾ? ಕಾಗದದಲ್ಲಿ ಒಂದು ಅಂಕಿ.)

ಇಂಜಿನಿಯರ್ ಬುದ್ಧಿ ಎಲ್ಲಿ ಬಿಡುತ್ತೆ? ಕೂತು ಲೆಕ್ಕ ಹಾಕಿದೆ. ವೃತ್ತದ ಅಡ್ಡಳತೆ 2.5 ಮೀಟರ್, ಅಂದರೆ ವಿಸ್ತೀರ್ಣ 4.91 ಚದರ ಮೀಟರ್. ಅರ್ಧ ಅಡಿ ದಪ್ಪ ಕಾಂಕ್ರೀಟ್ ಹಾಕಿದರೆ ಮುಕ್ಕಾಲು ಘನ ಮೀಟರ್. ಸಿವಿಲ್ ಓದಿದ ರೂಮ್‌ಮೇಟ್‌ಗೆ ಫೋನ್ ಮಾಡಿ ಕೇಳಿದೆ. "ಆರು ಚೀಲ ಸಿಮೆಂಟು ಸಾಕು ಮಾರಾಯಾ, ಜೊತೆಗೆ ಮರಳು, ಜೆಲ್ಲಿ. ಏನು, ಮನೆ ಕಟ್ಟಿಸ್ತಿದ್ದೀಯಾ?" ಅಂದ.

ಆರು ಚೀಲ!

ಆಮೇಲೆ ಹಳೆಯ ಪೀಟಿ ಸರ್‌ಗೆ ಫೋನ್ ಮಾಡಿದೆ. ಅವರು ರಿಟೈರ್ ಆಗಿದ್ದಾರೆ, ಆದರೆ ಸ್ಕೂಲಿನವರನ್ನು ಮಾತಾಡಿಸ್ತೀನಿ ಅಂದಿದ್ದಾರೆ. "ವೃತ್ತ ಮಾಡಿಸೋದು ಸರಿ, ಜೊತಿಗೆ ಚಕ್ಕೆ ಏಳದ ಡಿಸ್ಕಸ್ಸೂ ಒಂದು ತಂದುಬಿಡು" ಅಂದರು. ಕೊನೆಗೆ ಗೆಳೆಯನಿಗೆ. ಅವನು ಈಗ ಹಡಗಲಿಯಲ್ಲಿ ಮಲ್ಲಿಗೆ ವ್ಯಾಪಾರ ಮಾಡುತ್ತಾನೆ, ಬೆಳಗಿನ ಜಾವ ಹೂವಿನ ಬುಟ್ಟಿಗಳನ್ನು ಬಸ್ಸಿನ ಟಾಪಿಗೆ ಹಾಕೋದು ದಿನದ ಕೆಲಸ. ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಅಷ್ಟು ವರ್ಷ ಆತಲೇ, ಈಗ್ಯಾಕ?" ಅಂದ.

"ನಿನಗಲ್ಲಪ್ಪಾ, ಈಗಿನ ಹುಡುಗರಿಗೆ" ಅಂದೆ.

"ಅದು ಗೊತ್ತೈತಿ. ಕಾಂಕ್ರೀಟ್ ಹಾಕೋ ದಿನ ಹೇಳು, ಬರ್ತೀನಿ. ತಿರುಗೋದು ಹೆಂಗಂತ ಆ ವಿಡಿಯೋ ಒಂದು ಕಳಿಸು."

ಕಳಿಸಿದ್ದೇನೆ. ಗ್ಲಾಸ್ಗೋದ್ದು.

ನಿಮ್ಮ ನಿಮ್ಮ ಊರಿನ ಹೈಸ್ಕೂಲು ಮೈದಾನದಲ್ಲಿ ಸಿಮೆಂಟಿನ ವೃತ್ತ ಇದೆಯಾ? ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ನೋಡಿ ಬಂದು ಇಲ್ಲಿ ಬರೆಯಿರಿ. ವಿಕಾಸ್ ಎಸೆದದ್ದನ್ನು ಕಣ್ಣಾರೆ ನೋಡಿದವರು ಯಾರಾದರೂ ಇದ್ದರೆ ಅದನ್ನಂತೂ ತಪ್ಪದೇ ಬರೆಯಿರಿ. ನಾನು ಕಾಯುತ್ತಿರುತ್ತೇನೆ.